‘ನೆ’ ಅಂದರೆ ಹೌದು

ಯಾನಿನಾ, ಗ್ರೀಸ್
ಆಗಸ್ಟ್ ೨೪, ೨೦೦೪

ಪ್ರೀತಿಯ ಅಕ್ಕ ರೈನಾಗೆ,

ನಿನ್ನ ತಂಗಿ ಮಿನ್ಕಾಳ ನಮಸ್ಕಾರ. ನಾನೂ ಮಗಳು ದೇನಿಯೂ ಇಬ್ಬರೂ ಇದ್ದೇವೆ. ಚೆನ್ನಾಗಿದ್ದೇವೆ ಎಂದು ಬರೆಯಲು ಹೋದೆ, ಕೈ ಏಳಲಿಲ್ಲ. ವೆನಿಸ್ಸಿನಿಂದ ಚಿತ್ರದ ಕಾರ್ಡು ಹಾಕಿದ ಮೇಲೆ ಒಂದು ಸಾಲೂ ಬರೆಯಲಿಲ್ಲವೆಂದು ನೀನು ಸಿಟ್ಟಾಗಿರುತ್ತೀ, ಕ್ಷಮಿಸು. ಮೊನ್ನೆ ಫೋನಿನಲ್ಲೂ ದೇನಿಯ ಕಾಲು ಉಳುಕಿದೆ, ಬರುವುದು ತಡವಾಗುತ್ತದೆ ಎಂದಷ್ಟೇ ಹೇಳಿ ಇಟ್ಟುಬಿಟ್ಟೆ. ಏನು ಮಾಡಲಿ, ನಿಮ್ಮ ಮನೆಯ ಫೋನಿರುವುದು ಕೊಲ್ಯೊ ಭಾವನ ಕುರ್ಚಿಯ ಪಕ್ಕದಲ್ಲಿ. ಅವರ ಕಿವಿಗೆ ಬಿದ್ದದ್ದು ಸಂಜೆಯೊಳಗೆ ಗಾಬ್ರೊವೊದ ಅರ್ಧ ಊರಿಗೆ ಗೊತ್ತಾಗಿರುತ್ತದೆ. ಈ ಕಾಗದವನ್ನು ಮೊದಲು ಹಿತ್ತಲಿಗೆ ಹೋಗಿ ನೀನೊಬ್ಬಳೇ ಓದು.

ಆಸ್ಪತ್ರೆಯ ಕಾರಿಡಾರಿನಲ್ಲಿ ನನಗೊಂದು ಪ್ಲಾಸ್ಟಿಕ್ ಕುರ್ಚಿ ಹಾಕಿಕೊಟ್ಟಿದ್ದಾರೆ. ಬಾಗಿಲು ತೆರೆದಿದೆ. ಇಲ್ಲಿಂದ ದೇನಿಯ ಹಾಸಿಗೆಯ ಅರ್ಧ ಕಾಣುತ್ತದೆ, ಪಟ್ಟಿ ಕಟ್ಟಿದ ಒಂದು ಕಾಲು, ಬರಿಗಾಲು ಇನ್ನೊಂದು. ನರ್ಸು ಬಂದು ಪರದೆ ಎಳೆದರೆ ಸಾಕು, ಮತ್ತೆ ಸರಿಸುವವರೆಗೂ ಎದ್ದು ನಿಂತಿರುತ್ತೇನೆ. ಅರವತ್ತರ ಮುದುಕಿ ಹೀಗೆ ಕೂತು ಎದ್ದು ಕಸರತ್ತು ಮಾಡುವುದನ್ನು ನೋಡಿ ಇಲ್ಲಿಯವರಿಗೆ ನಗು. ನಗಲಿ. ಹೆದರಿಕೆ ನನಗೇನು ಹೊಸದಲ್ಲ, ಆದರೆ ಇಷ್ಟು ದಿನ ಅದು ನೆಂಟರ ಹಾಗೆ ಬಂದು ಹೋಗುತ್ತಿತ್ತು. ಈಗ ನನ್ನಲ್ಲೇ ಬಿಡಾರ ಹೂಡಿದೆ.

ಮೊದಲಿನಿಂದ ಹೇಳುತ್ತೇನೆ. ನಾವು ಹೊರಟ ದಿನ ನೀನು ಗೇಟಿನ ಮುಂದೆ ಚೊಂಬಿನ ನೀರು ಚೆಲ್ಲಿ, ನೀರು ಹರಿದ ಹಾಗೆ ಸರಾಗವಾಗಿ ಹೋಗಿ ಬನ್ನಿ ಎಂದು ಹರಸಿದೆಯಲ್ಲ, ಅರ್ಧ ಚೊಂಬು ಉಳಿಸಿಕೊಂಡು ಹೂವಿನ ಕುಂಡಕ್ಕೆ ಹುಯ್ದದ್ದನ್ನು ನಾನು ನೋಡಿದೆ. ಗಾಬ್ರೊವೊದವರ ಜಿಪುಣತನ, ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ. ಅದಕ್ಕೇ ಇರಬೇಕು, ನಮ್ಮ ಪ್ರಯಾಣವೂ ಅರ್ಧದವರೆಗೆ ಸರಾಗವಾಗಿತ್ತು. ಬುಡಾಪೆಸ್ಟ್, ವಿಯೆನ್ನಾ, ವೆನಿಸ್, ಎಲ್ಲ ಕಡೆಗೂ ಬೆನ್ನಿಗೆ ಚೀಲ ಏರಿಸಿಕೊಂಡು ನಡೆದೆವು. ದೇನಿಯದು ಹೊಸ ಹಳದಿ ಚೀಲ, ನನ್ನದು ಅವಳ ಹಳೆಯ ನೀಲಿಯದು. ರಾತ್ರಿ ತಂಗುತ್ತಿದ್ದುದು ಪ್ರವಾಸಿ ಹುಡುಗ ಹುಡುಗಿಯರು ತಂಗುವ ಹಾಸ್ಟೆಲುಗಳಲ್ಲಿ, ಒಂದರ ಮೇಲೊಂದು ಮಂಚ. ಮೇಲಿನ ಮಂಚ ಅವಳಿಗೆ, ಕೆಳಗಿನದು ನನಗೆ. ನೀನು ಕಟ್ಟಿಕೊಟ್ಟ ಒಣ ಸಾಸೇಜು, ಮೆಣಸಿನ ಗೊಜ್ಜು ವಿಯೆನ್ನಾದವರೆಗೂ ಬಂತು. ಅಲ್ಲಿ ದೊಡ್ಡ ಚರ್ಚಿನ ಮೆಟ್ಟಿಲ ಮೇಲೆ ಕೂತು ಬೇಯಿಸಿದ ಮೊಟ್ಟೆ ಸುಲಿದು ತಿಂದೆವು. ನಾಚಿಕೆಯಾಗಲಿಲ್ಲವಾ ಎಂದು ನೀನು ಕೇಳುತ್ತೀ. ಆಗಲಿಲ್ಲ. ಕಮ್ಯುನಿಸ್ಟರ ಆ ಕಾಲದಲ್ಲಿ ವಿಯೆನ್ನಾ ಎಂದರೆ ಚಂದ್ರಲೋಕ. ನೂಲಿನ ಗಿರಣಿಯಲ್ಲಿದ್ದಾಗ ಪಾಸ್‌ಪೋರ್ಟಿಗೆಂದು ಅರ್ಜಿ ಹಾಕಿದ್ದಕ್ಕೆ ನನ್ನನ್ನು ಕಚೇರಿಗೆ ಕರೆಸಿ ಬೈದು, ಆಮೇಲೆ ಸಮಾಧಾನಕ್ಕೆ ಕಪ್ಪು ಸಮುದ್ರದ ದಂಡೆಯಲ್ಲಿ ಒಂದು ವಾರದ ವಿಶ್ರಾಂತಿ ಕೊಟ್ಟಿದ್ದರು. ಹೊರಗಿನ ದೇಶ ನೋಡಬೇಕೆಂಬ ಆಸೆ ಅಂದಿನಿಂದ ಹೊಟ್ಟೆಯಲ್ಲೇ ಕೂತಿತ್ತು.

ಅದು ದೇನಿಗೆ ಗೊತ್ತಿತ್ತು. ಹೋದ ಚಳಿಗಾಲ ಅವಳು ಹೇಗಿದ್ದಳೆಂದು ನೀನೇ ಕಂಡವಳು. ಗಂಡ ಬಿಟ್ಟುಹೋದ ಮೇಲೆ ಊಟ ಬೇಡ, ಕಲಿಯಲು ಬರುವ ಮಕ್ಕಳಿಗೆ ಪಾಠ ಬೇಡ, ಪಿಯಾನೋದ ಮುಚ್ಚಳವನ್ನೇ ತೆರೆಯಲಿಲ್ಲ. ಹಗಲೆಲ್ಲ ಗೋಡೆಗೆ ಮುಖ ಮಾಡಿ ಮಲಗಿರುತ್ತಿದ್ದಳು. ವಸಂತ ಬಂದ ಕೂಡಲೇ ಒಂದು ದಿನ ತಲೆ ಬಾಚಿಕೊಂಡು, ಲಂಗ ಇಸ್ತ್ರಿ ಮಾಡಿಕೊಂಡು ಬಂದು, "ಅಮ್ಮ, ನಿಂದು ಒಂದು ಆಸೆ ಬಾಕಿ ಇದ್ಯಲ್ಲ, ಅದನ್ನ ಮುಗಿಸಿಬಿಡೋಣ. ಚೀಲ ಹಾಕ್ಕೊಂಡು ಹೋಗೋಣ" ಎಂದಳು. ನನಗೆ ಹೋದ ಜೀವ ಬಂದಂತಾಯಿತು. ಪಿಯಾನೋವನ್ನು ಶಿಶುವಿಹಾರಕ್ಕೆ ಪುಕ್ಕಟೆ ಕೊಟ್ಟುಬಿಟ್ಟಾಗ ಮಾತ್ರ ಜಗಳವಾಡಿದೆ, ಮಾರಬಹುದಿತ್ತಲ್ಲ ಎಂದು. ಹೂವಿನ ಗಿಡಗಳು ಪಕ್ಕದ ಮನೆಗೆ, ಬೆಕ್ಕು ನಿನಗೆ. ಮನೆಯೆಲ್ಲ ಖಾಲಿ ಮಾಡಿ ಹಗುರವಾದಳು, ಇನ್ನು ಹೊಸದಾಗಿ ಬಾಳುತ್ತಾಳೆ ಎಂದು ನಾನು ಮನಸ್ಸಿನಲ್ಲೇ ಮಂಡಿಗೆ ತಿಂದೆ. ಬೆಕ್ಕು ಹೇಗಿದೆ? ಚಳಿಗಾಲದಲ್ಲಿ ಬಾಗಿಲು ಬೇಗ ಮುಚ್ಚಲಿ, ಸೌದೆ ಉಳಿಯಲಿ ಎಂದು ನಮ್ಮೂರವರು ಬೆಕ್ಕಿನ ಬಾಲ ಕತ್ತರಿಸುತ್ತಾರೆಂಬ ಹಳೆಯ ಕುಚೋದ್ಯವನ್ನು ದೇನಿ ವೆನಿಸ್ಸಿನಲ್ಲಿ ಯಾರಿಗೋ ಹೇಳಿ ನಗಿಸಿದಳು. ತಾನೂ ನಕ್ಕಳು.

ಈಗ ನನ್ನ ತಲೆಯ ಕಥೆ. ರೈಲಿನಲ್ಲಿ ಟಿಕೆಟ್ ಇದೆಯಾ ಎಂದು ಸನ್ನೆಯಲ್ಲಿ ಕೇಳಿದವನಿಗೆ ನಾನು ಇದೆ ಎಂದು, ನಮ್ಮ ಪದ್ಧತಿಯಂತೆ, ತಲೆಯನ್ನು ಅಡ್ಡಡ್ಡ ಆಡಿಸಿದೆ. ಅವನು ದಂಡದ ಚೀಟಿ ಬರೆಯಲು ಶುರು ಮಾಡಿದ. ನಮ್ಮ ಬಲ್ಗೇರಿಯ ದಾಟಿದರೆ ತಲೆ ಅಡ್ಡ ಆಡಿಸುವುದು ಇಲ್ಲವೆಂದಂತೆ, ಮೇಲೆ ಕೆಳಗೆ ಆಡಿಸಿದರೆ ಹೌದೆಂದಂತೆ, ಎಲ್ಲ ತಿರುಗುಮುರುಗು. ಆಮೇಲೆ ದೇನಿ ನನಗೆ ಕಟ್ಟಪ್ಪಣೆ ಮಾಡಿದಳು: "ತಲೆ ಅಲ್ಲಾಡಿಸ್ಲೇಬೇಡ. ಬಾಯಲ್ಲಿ ಹೇಳು ಸಾಕು." ಹೊಸ ಮದುವಣಗಿತ್ತಿಯ ಹಾಗೆ ಕತ್ತು ನೆಟ್ಟಗಿಟ್ಟುಕೊಂಡು ಇಟಲಿಯಿಡೀ ತಿರುಗಿದೆ.

ಇಟಲಿಯಿಂದ ಹಡಗು ಹತ್ತಿ ಗ್ರೀಸಿಗೆ ಬಂದಿಳಿದೆವು. ಬಂದರಿನಲ್ಲಿ ಒಂದು ಬೇಕರಿ. ಅಲ್ಲಿಯವಳು ನನಗೆ ಪಾಲಕ್ ತುಂಬಿದ ಕಡುಬು ಕೊಟ್ಟು, ಇನ್ನೊಂದು ಹಾಕಲಾ ಎಂದು ಕೈಯಲ್ಲಿ ತೋರಿಸಿದಳು. ನಾನು ಕತ್ತು ನೆಟ್ಟಗಿಟ್ಟುಕೊಂಡು ಬೇಡ ಎನ್ನಲು ನಮ್ಮ ಮಾತಿನಲ್ಲಿ ‘ನೆ’ ಎಂದೆ. ಇನ್ನೊಂದು ಹಾಕಿದಳು. ಗಾಬರಿಯಾಗಿ ‘ನೆ, ನೆ’ ಎಂದೆ. ಇನ್ನೂ ಎರಡು ಹಾಕಿದಳು. ದೇನಿ ಪಕ್ಕದಲ್ಲಿ ಕಣ್ಣಲ್ಲಿ ನೀರು ಬರುವಂತೆ ನಗುತ್ತಿದ್ದಳು. "ಇವರ ಭಾಷೇಲಿ ‘ನೆ’ ಅಂದ್ರೆ ಹೌದು ಅಂತಮ್ಮ. ಬೇಡ ಅನ್ನೋಕೆ ‘ಓಹಿ’ ಅನ್ಬೇಕು." ನಾವು ಇಲ್ಲವೆನ್ನುವ ಮಾತನ್ನೇ ಎತ್ತಿಕೊಂಡು ಹೌದು ಮಾಡಿಕೊಂಡವರ ದೇಶ ಇದೆಂಥದ್ದು ಎಂದು ನಾನು ಬೈದೆ. ಆ ಕಡುಬುಗಳನ್ನು ಮಾರನೆಯ ದಿನದವರೆಗೂ ತಿಂದೆವು.

ಊರಿಗೆ ಮರಳುವ ದಾರಿಯಲ್ಲಿ ಬೆಟ್ಟದ ಮೇಲಿನ ಒಂದು ಕೆರೆ ನೋಡಿಕೊಂಡೇ ಹೋಗೋಣ ಎಂದವಳು ದೇನಿ. ಬಸ್ಸಿಳಿದು ಮೇಲೆ ಹತ್ತಿದರೆ ಕಲ್ಲಿನ ತಂಗುಮನೆ, ಥಾನಾಸಿಸ್ ಎಂಬವನು ನಡೆಸುತ್ತಾನೆ. ಅವನ ತಾಯಿ ಕಿರಾ ಲೆನಿ ಅಡುಗೆ ನೋಡಿಕೊಳ್ಳುತ್ತಾಳೆ. ಅಲ್ಲಿಗೆ ಮುಟ್ಟುವಷ್ಟರಲ್ಲಿ ನನ್ನ ಮೊಣಕಾಲು ಕೈಕೊಟ್ಟಿತು. ಮಧ್ಯಾಹ್ನ ದೇನಿ ನನಗೆ ಹುರುಳಿಕಾಯಿ ಸಾರು ತರಿಸಿಕೊಟ್ಟು, ನೀನು ಇಲ್ಲೇ ಕಾಲು ಚಾಚಿ ಕೂತಿರು, ಕೆರೆ ನೋಡಿಕೊಂಡು ಬರುತ್ತೇನೆ ಎಂದಳು. ನನ್ನ ತಲೆಗೂದಲನ್ನು ಕಿವಿಯ ಹಿಂದೆ ಸರಿಸಿದಳು. ಹಳದಿ ಚೀಲ ಹಾಕಿಕೊಂಡು ಮೇಲಿನ ದಾರಿಯಲ್ಲಿ ಹೋದದ್ದನ್ನು ನಾನು ಕಿಟಕಿಯಿಂದ ನೋಡಿದೆ. ಜಾಕೆಟ್ಟನ್ನು ಕುರ್ಚಿಯ ಮೇಲೆ ಬಿಟ್ಟು ಹೋಗಿದ್ದಳು. ಮರೆಗುಳಿ ಎಂದು ಬೈದುಕೊಂಡು ಮಡಿಸಿಟ್ಟೆ.

ಮಂಜು ಹೇಗೆ ಬಂತೆಂದು ನನಗೆ ಗೊತ್ತಾಗಲಿಲ್ಲ. ಎದುರಿನ ಬಂಡೆ ಇತ್ತು, ಆಮೇಲೆ ಇರಲಿಲ್ಲ. ಹೊರಗೆ ಹೋಗಿ ಕೂಗಿದರೆ ನನ್ನ ದನಿ ನನ್ನ ಬಾಯಿಯ ಮುಂದೇ ಬಿದ್ದುಹೋಗುತ್ತಿತ್ತು. ಒಳಗೆ ಓಡಿ ಬಂದೆ. ಥಾನಾಸಿಸ್ ಮತ್ತು ನಾಲ್ಕೈದು ಜನ ಟಿವಿ ಮುಂದೆ ಕೂತಿದ್ದರು, ಅವರ ಅಥೆನ್ಸಿನಲ್ಲಿ ಒಲಿಂಪಿಕ್ಸ್ ನಡೆಯುತ್ತಿದೆಯಲ್ಲ, ಯಾರೋ ಭಾರ ಎತ್ತುತ್ತಿದ್ದರು. ನಾನು ಜಾಕೆಟ್ ಹಿಡಿದು ತೋರಿಸಿ, ಮಗಳು, ಮಗಳು ಎಂದೆ. ಅವರಿಗೆ ಅರ್ಥವಾಯಿತು. ಒಳ್ಳೆಯ ಜನ, ಆಟ ಬಿಟ್ಟು ತಟ್ಟನೆ ಎದ್ದರು. ಥಾನಾಸಿಸ್ ಕೆಳಗಿನ ಹೊಳೆಯ ಕಣಿವೆಯ ಕಡೆ ಕೈ ತೋರಿಸಿ ಏನೋ ಕೇಳಿದ. ಆ ಕಡೆ ಹೋದಳಾ ಎಂದು ಕೇಳುತ್ತಿದ್ದಾನೆಂದು ತಿಳಿಯಲು ಭಾಷೆ ಬೇಕೇ? ದಾರಿ ತಪ್ಪಿದವರೆಲ್ಲ ಆ ಕಣಿವೆಗೇ ಇಳಿಯುತ್ತಾರಂತೆ. ನಾನು ಅಲ್ಲ ಎಂದೆ. ತಲೆಯನ್ನೇನೋ ಗಟ್ಟಿಯಾಗಿ ಹಿಡಿದಿಟ್ಟೆ, ನಾಲಿಗೆ ಕೈಕೊಟ್ಟಿತು. ‘ನೆ’ ಎಂದೆ.

ಅವರು ಹಗ್ಗ, ಟಾರ್ಚು ಎತ್ತಿಕೊಂಡು ಕಣಿವೆಯ ಕಡೆ ಹೊರಟರು. ನಾನು ಹಿಂದೆ ಓಡುತ್ತ ‘ನೆ, ನೆ, ನೆ’ ಎಂದು ಅರಚಿಕೊಂಡೆ. ನಾನು ಕೂಗಿದಷ್ಟೂ ಅವರು ಬೇಗ ಬೇಗ ಇಳಿದರು. ಒಬ್ಬನ ತೋಳು ಹಿಡಿದು ಜಗ್ಗಿದೆ. ತಾನೂ ಬರುತ್ತೇನೆಂದು ಹಟ ಮಾಡುತ್ತಿದ್ದಾಳೆ ಪಾಪ ಎಂದುಕೊಂಡಿರಬೇಕು, ನನ್ನನ್ನು ಮಗುವಿನ ಹಾಗೆ ಎತ್ತಿಕೊಂಡು ಬಂದು ಬೆಂಚಿನ ಮೇಲೆ ಕೂರಿಸಿ, ಬೆನ್ನು ತಟ್ಟಿ ಹೋದ. ಬೆಟ್ಟದ ಜನ, ಅವರಿಗೆ ಗೊತ್ತಿರುತ್ತದೆ, ಕೆಳಗಿನಿಂದಲೂ ಮೇಲಕ್ಕೆ ದಾರಿ ಇರಬಹುದು ಎಂದು ನಾನೇ ನನಗೆ ಹೇಳಿಕೊಂಡೆ. ಭಯದಲ್ಲಿ ಬುದ್ಧಿಗೆ ಮಂಕು ಕವಿಯುತ್ತದೆ ಅನ್ನುತ್ತಾರಲ್ಲ, ಕಡುಬಿನ ಅಂಗಡಿ ನನಗೆ ನೆನಪಾಗಲೇ ಇಲ್ಲ.

ಕತ್ತಲಾಗುವ ಹೊತ್ತಿಗೆ ಕಿರಾ ಲೆನಿ ನನ್ನ ಮುಂದೆ ತಟ್ಟೆ ಇಟ್ಟು, ರೊಟ್ಟಿ ಕೊಡಲಾ ಎಂಬಂತೆ ಚಾಕು ಎತ್ತಿದಳು. ಬೇಡ ಎಂದೆ. ಒಂದು ಹೋಳು ಕೊಯ್ದು ಇಟ್ಟಳು. ಬೇಡವೇ ಬೇಡ ಎಂದೆ. ಇನ್ನೊಂದು ಕೊಯ್ದಳು. ನಾನು ಆ ಎರಡು ಹೋಳುಗಳನ್ನು ನೋಡುತ್ತ ಕೂತೆ. ಆಮೇಲೆ ನನ್ನ ಬಾಯಿಂದ ಎಂಥ ಸದ್ದು ಬಂತೋ ನನಗೆ ಗೊತ್ತಿಲ್ಲ, ಮುದುಕಿಯ ಕೈಯಿಂದ ಚಾಕು ಬಿತ್ತು. ನಾನು ಬಾಗಿಲಿಗೆ ಓಡಿ ಕಣಿವೆಯ ಕಡೆ ಕೈ ಮಾಡಿ ‘ಓಹಿ’ ಎಂದೆ, ಕೆರೆಯ ದಾರಿ ತೋರಿಸಿ ‘ನೆ’ ಎಂದೆ, ಮತ್ತೆ ‘ಓಹಿ’, ಮತ್ತೆ ‘ನೆ’. ಅವಳು ಶಿಲುಬೆಯ ಗುರುತು ಹಾಕಿಕೊಂಡು ಎದೆ ಹಿಡಿದುಕೊಂಡಳು. ಗಂಡಸರು ವಾಪಸು ಬಂದಾಗ ಮಗನಿಗೆ ಎಲ್ಲ ಹೇಳಿದಳು. ಒದ್ದೆ ಬಟ್ಟೆಯಲ್ಲೇ ಎಲ್ಲರೂ ಮೇಲಕ್ಕೆ ಹತ್ತಿದರು, ಆದರೆ ಆ ಮಂಜಿನಲ್ಲಿ ಟಾರ್ಚಿನ ಬೆಳಕು ಮೊಣಕೈಯಾಚೆ ಹೋಗುತ್ತಿರಲಿಲ್ಲ. ಬರಿಗೈಯಲ್ಲಿ ಮರಳಿದರು. ಆ ರಾತ್ರಿಯ ಬಗ್ಗೆ ಬರೆಯಲಾರೆ. ಅವಳ ಜಾಕೆಟ್ ಹೊದ್ದುಕೊಂಡು ಕೂತಿದ್ದೆ, ಅವಳಿಗೆ ಚಳಿಯಾಗುತ್ತಿರುವಾಗ ನಾನೇಕೆ ಹೊದ್ದೆ ಎಂದು ತೆಗೆದಿಟ್ಟೆ, ಮತ್ತೆ ಹೊದ್ದೆ.

ಬೆಳಿಗ್ಗೆ ಸ್ತಾಥಿಸ್ ಎಂಬ ಕುರುಬನ ನಾಯಿಗೆ ಸಿಕ್ಕಳು. ಬಂಡೆಯ ಬುಡದಲ್ಲಿ ಮಂಡಿ ತಬ್ಬಿಕೊಂಡು ಕೂತಿದ್ದಳಂತೆ, ತುಟಿ ನೀಲಿಯಾಗಿತ್ತು, ಒಂದು ಪಾದ ಊದಿತ್ತು. ಹೇಸರಗತ್ತೆಯ ಮೇಲೆ ಕೂರಿಸಿಕೊಂಡು ಬಂದ. ನಾನು ಅವಳ ಪಾದಕ್ಕೆ ಮುತ್ತಿಟ್ಟೆ, ಬೈದೆ, ಬೆನ್ನಿಗೆ ಗುದ್ದಿದೆ. ಅವಳು ಕೊಟ್ಟದ್ದನ್ನೆಲ್ಲ ಸುಮ್ಮನೆ ತೆಗೆದುಕೊಂಡಳು. ಥಾನಾಸಿಸ್ ತನ್ನ ಜೀಪಿನಲ್ಲೇ ನಮ್ಮನ್ನು ಈ ಆಸ್ಪತ್ರೆಗೆ ತಂದುಬಿಟ್ಟ.

ಇಲ್ಲಿ ದೇವರೇ ಕಳಿಸಿದಂತೆ ನಮ್ಮವಳೊಬ್ಬಳು ಸಿಕ್ಕಿದ್ದಾಳೆ, ಸ್ಮೊಲ್ಯಾನ್ ಕಡೆಯ ಸೆವ್ದಾ. ಪಕ್ಕದ ಹಾಸಿಗೆಯ ಗ್ರೀಕ್ ಅಜ್ಜಿಯನ್ನು ನೋಡಿಕೊಳ್ಳುವ ಕೆಲಸ. ನಮ್ಮ ಹೆಂಗಸರು ಈಗ ಇಲ್ಲಿ ಮನೆಮನೆಗೂ ಇದ್ದಾರಂತೆ, ನಮ್ಮ ಮುದುಕರನ್ನು ಯಾರು ನೋಡಿಕೊಳ್ಳುತ್ತಾರೋ. ನನ್ನ ‘ನೆ’ ಕಥೆ ಕೇಳಿ ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು, ಆಮೇಲೆ ಅತ್ತಳು. "ನಂದೂ ಇದೇ ಕಥೆ ಅಕ್ಕಾ. ಬಂದ ಹೊಸದ್ರಲ್ಲಿ, ಕದ್ದೆಯೇನೇ ಅಂತ ಕೇಳಿದ್ರು. ‘ನೆ’ ಅಂದೆ" ಎಂದಳು. ವೈದ್ಯರು ಹೇಳಿದ್ದನ್ನೆಲ್ಲ ಅವಳೇ ನನಗೆ ತಿಳಿಸುತ್ತಾಳೆ. ಕಾಲಿನ ಮೂಳೆ ಮುರಿದಿಲ್ಲ. ಎದೆಗೆ ಶೀತ ಇಳಿದದ್ದು ವಾಸಿಯಾಗುತ್ತಿದೆ.

ನಿನ್ನೆ ಸ್ತಾಥಿಸ್ ಕೂಡ ಒಂದು ಗಡ್ಡೆ ಗಿಣ್ಣು ಕಟ್ಟಿಕೊಂಡು ನೋಡಲು ಬಂದಿದ್ದ. ಟೋಪಿಯನ್ನು ಕೈಯಲ್ಲಿ ತಿರುಗಿಸುತ್ತ ಬಾಗಿಲಲ್ಲೇ ನಿಂತ. ಅಂದು ಮಧ್ಯಾಹ್ನ ಹಳದಿ ಚೀಲದ ಹುಡುಗಿ ಮೇಲೆ ಹೋದದ್ದನ್ನು ನೋಡಿದ್ದನಂತೆ, ಇಳಿದು ಬರಲಿಲ್ಲವಲ್ಲ ಎಂದು ಕತ್ತಲಿಗೆ ಮುಂಚೆ ತಾನೇ ಆ ಬಂಡೆಗಿಂತ ಸ್ವಲ್ಪ ಕೆಳಗೆ ನಿಂತು, ಹುಡುಗೀ, ಹುಡುಗೀ ಎಂದು ಗಂಟಲು ಹರಿಯುವ ತನಕ ಕೂಗಿದ್ದನಂತೆ. ಉತ್ತರ ಬರದಿದ್ದುದಕ್ಕೆ ಬೇರೆ ದಾರಿಯಲ್ಲಿ ಇಳಿದಿರಬೇಕೆಂದು ತಿಳಿದನಂತೆ. ಪಾಪದ ಮನುಷ್ಯ, ಇನ್ನೂ ಎರಡು ಹೆಜ್ಜೆ ಮೇಲೆ ಹತ್ತಬೇಕಿತ್ತು, ತಪ್ಪಾಯಿತು ಎಂದು ಸೆವ್ದಾಳ ಬಾಯಲ್ಲಿ ಹೇಳಿಸಿದ. ಗಾಳಿ ಜೋರಿತ್ತು, ಅವಳಿಗೆ ಮೂರ್ಛೆ ಬಂದಿತ್ತೇನೋ, ನಿನ್ನದೇನೂ ತಪ್ಪಿಲ್ಲ, ತಪ್ಪೆಲ್ಲ ನನ್ನ ನಾಲಿಗೆಯದು ಎಂದು ನಾನು ಅವನ ಕೈ ಹಿಡಿದು ಸಮಾಧಾನ ಮಾಡಿ ಕಳಿಸಿದೆ. ದೇನಿ ಗೋಡೆಯ ಕಡೆ ತಿರುಗಿ ಮಲಗಿದ್ದಳು.

ನಿನ್ನ ಕಾಲಿನ ನೋವು ಹೇಗಿದೆ? ಮೆಣಸಿನಕಾಯಿ ಸುಡುವ ಕಾಲ ಬಂತು, ನಾನಿಲ್ಲವೆಂದು ಒಬ್ಬಳೇ ಒಲೆಯ ಮುಂದೆ ಕೂರಬೇಡ. ಭಾವನಿಗೆ ನಮಸ್ಕಾರ. ನಿನ್ನ ಮೊಮ್ಮಕ್ಕಳಿಗೆ ಈ ಅಜ್ಜಿಯ ಆಶೀರ್ವಾದ, ಮಳೆಗೆ ಬೆಳೆದ ಹುಲ್ಲಿನಂತೆ ಬೆಳೆಯಲಿ. ನೀನು ದೊಡ್ಡವಳು, ದೇನಿಯ ಹೆಸರು ಹೇಳಿ ಚರ್ಚಿನಲ್ಲಿ ಒಂದು ದೀಪ ಹಚ್ಚು. ಸಣ್ಣದು ಬೇಡ, ದೊಡ್ಡ ಮೇಣದ ಬತ್ತಿಯೇ ಕೊಳ್ಳು. ನಮ್ಮಿಬ್ಬರನ್ನೂ ಹರಸು.

ನಿನ್ನ ತಂಗಿ,
ಮಿನ್ಕಾ

ಮರೆತ ಮಾತು: ಮರೆತದ್ದಲ್ಲ, ಅಕ್ಕ. ಇಷ್ಟು ಹಾಳೆ ಬರೆದದ್ದು ಇದನ್ನು ಬರೆಯದೆ ಇರಲಿಕ್ಕೆ. ಇಲ್ಲಿಂದ ಮುಂದಿನದನ್ನು ಹರಿದು ಒಲೆಗೆ ಹಾಕು. ಮೇಲಿನದನ್ನು ಬೇಕಾದರೆ ಭಾವನಿಗೂ ಓದಿ ಹೇಳು. ಯಾರು ಕೇಳಿದರೂ ಮಿನ್ಕಾ ಗ್ರೀಸಿಗೆ ಹೋಗಿ ‘ನೆ’ ಎಂದು ಮಗಳನ್ನು ಕಳೆದುಕೊಳ್ಳುತ್ತಿದ್ದಳು ಎಂದೇ ಹೇಳು. ಊರೆಲ್ಲ ನನ್ನನ್ನು ಆಡಿಕೊಂಡು ನಗಲಿ. ಹಾಗೇ ಇರಲಿ.

ಸ್ತಾಥಿಸ್ ಹೋದ ಮೇಲೆ ನಾನು ಅವನು ತಂದ ಗಿಣ್ಣು ಕೊಯ್ಯುತ್ತ, ನನ್ನ ನಾಲಿಗೆಗೆ ಬರೆ ಹಾಕಬೇಕು, ನನ್ನಿಂದಲೇ ನೀನು ರಾತ್ರಿಯಿಡೀ ನಡುಗಿದೆ ಎಂದು ಮತ್ತೆ ಹಲುಬಲು ಶುರು ಮಾಡಿದೆ. ಅವಳು ತಿರುಗಿ ಮಲಗಿ, "ಸಾಕು ಬಿಡಮ್ಮ. ನಿನ್ನ ‘ನೆ’ ಏನೂ ಮಾಡ್ಲಿಲ್ಲ. ಆ ಮನುಷ್ಯ ಕೂಗಿದ್ದು ನಂಗೆ ಕೇಳಿಸ್ತು" ಎಂದಳು. ಮೈಮೇಲೆ ಎಚ್ಚರ ಇರಲಿಲ್ಲವೇನೋ ಎಂದೆ. "ಎಚ್ಚರವಾಗೇ ಇದ್ದೆ. ಅವನ ನಾಯಿ ಬೊಗಳಿದ್ದೂ ಕೇಳಿಸ್ತು. ಒಂದು ಸಲ ಹೂಂ ಅಂದಿದ್ರೆ ಸಾಕಿತ್ತು. ಅನ್ಲಿಲ್ಲ." ಅಳಲಿಲ್ಲ, ದನಿ ಏರಿಸಲಿಲ್ಲ. ರೈಲು ಎಷ್ಟು ಹೊತ್ತಿಗೆ ಬರುತ್ತದೆಂದು ಹೇಳುವ ಹಾಗೆ ಹೇಳಿದಳು. ನನಗೆ ಆಗಲೇ ಆ ಪಿಯಾನೋ, ಆ ಗಿಡಗಳು, ಆ ಜಾಕೆಟ್ ಎಲ್ಲ ಒಟ್ಟಿಗೆ ಬಂದು ಎದೆಯ ಮೇಲೆ ಕೂತವು. ಹೆತ್ತ ತಾಯಿ ನಾನು, ಹಗುರವಾದಳು ಎಂದು ಖುಷಿಪಟ್ಟಿದ್ದೆ. ಏಕೆ ಎಂದು ಕೇಳಲು ನನಗೆ ಧೈರ್ಯವಿಲ್ಲ, ಅಕ್ಕ. ಕೇಳಿದರೆ ಹೇಳಿಬಿಡುತ್ತಾಳೆ.

ಸೆವ್ದಾಳನ್ನು ಕರೆದುಕೊಂಡು ಹೋಗಿ ವೈದ್ಯರಿಗೆ ಎಲ್ಲ ಹೇಳಿದೆ. ಅವಳ ಬಾಯಲ್ಲಿ ಆ ಮಾತು ಗ್ರೀಕಿನಲ್ಲಿ ಹೊರಡುವಾಗ ನಾನು ನೆಲ ನೋಡುತ್ತಿದ್ದೆ. ನಾಳೆ ಮನಸ್ಸಿನ ಕಾಯಿಲೆ ನೋಡುವ ಹೆಂಗಸೊಬ್ಬರು ಬರುತ್ತಾರೆ. ದೇನಿ ಬೇಡ ಎನ್ನಲಿಲ್ಲ. ನೀನು ಸೋಫಿಯಾಕ್ಕೆ ಹೋಗಿ ಅಲ್ಲಿಂದ ಬಸ್ಸು ಹಿಡಿದು ಬಾ. ಭಾವನಿಗೆ ಏನು ಬೇಕಾದರೂ ಸುಳ್ಳು ಹೇಳು, ಬಾ. ನನ್ನೊಬ್ಬಳಿಂದ ಆಗುವುದಿಲ್ಲ. ನನಗೆ ನಿದ್ದೆ ಬಂದರೆ ಎಂದು ಹೆದರಿಕೆ.

ನಿನ್ನೆಯಿಂದ ನಾನು ಕಾರಣವಿಲ್ಲದೆ ಅವಳನ್ನು ಕರೆಯುತ್ತಿರುತ್ತೇನೆ. ದೇನಿ ಎನ್ನುತ್ತೇನೆ, ಏನಮ್ಮ ಎನ್ನುತ್ತಾಳೆ, ಏನಿಲ್ಲ ಮಲಗು ಎನ್ನುತ್ತೇನೆ. ಸೆವ್ದಾಗೂ ಪಕ್ಕದ ಅಜ್ಜಿಗೂ ಇದು ಕಿರಿಕಿರಿಯಾಗಿದೆ, ಆದರೆ ಯಾರೂ ಏನೂ ಅನ್ನುವುದಿಲ್ಲ. ಈಗಷ್ಟೇ ಮತ್ತೆ ಕರೆದೆ. ತಡವಾಗಿ ಓಗೊಟ್ಟಳು.